ನೀರಗಂಟಿ ನಿನ್ನ ಅಧ್ಯಾಯಕ್ಕೂ ಬರಲಿ

ಪ್ರೀತಿಯ ತಂಗಿ,

ನಿನ್ನ ಪತ್ರವನ್ನೂ ಅದರ ಜೊತೆ ಕಳಿಸಿದ್ದ, ಕೆರೆಗಳ ಬಗೆಗಿನ ನಿನ್ನ ಥೀಸಿಸ್‌ನ ಎರಡನೇ ಅಧ್ಯಾಯವನ್ನೂ ಓದಿದೆ. ಪತ್ರ ಓದಿ ಮುಗಿಸಿದ ಮೇಲೆ ಮತ್ತೆ ಮೊದಲಿನಿಂದ ಓದಿದೆ. ಅಧ್ಯಾಯ ಓದುವಾಗ ಮಾತ್ರ ನಡುನಡುವೆ ಎದ್ದು ಹೋಗುವಂತಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಂದೆ ಹೇಳುವುದೆಲ್ಲ ಇದಕ್ಕೇ ಸಂಬಂಧಪಟ್ಟಿದ್ದು.

ಪಿಎಚ್‌ಡಿಗೆ ಸೇರಿ ನಿನಗಿದು ನಾಲ್ಕನೇ ವರ್ಷ. ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲು ಮನಸ್ಸೇ ಬರುವುದಿಲ್ಲ. ಕಥೆ ಬರೆಯುವುದೂ ನಿಂತುಹೋಗಿದೆ. ಉತ್ಸಾಹ ಎಲ್ಲಿಂದ ತರಲಿ ಅಂತ ಕೇಳಿದ್ದೀಯ. ಥೀಸಿಸ್ ಮುಗಿಯುವ ತನಕ ಕಥೆ ಪಕ್ಕಕ್ಕಿಡಲಾ, ಇಲ್ಲ ಥೀಸಿಸ್ಸನ್ನೇ ಬಿಟ್ಟುಬಿಡಲಾ ಅಂತಲೂ ಕೇಳಿದ್ದೀಯ. ಎರಡೂ ಬೇಡ. ನಿನ್ನ ದಣಿವಿಗೆ ಕಾರಣ ನಿನ್ನ ವಿಷಯ ಅಲ್ಲ, ನೀನು ಬರೆಯುತ್ತಿರುವ ವಾಕ್ಯಗಳು ಅಂತ ನನಗೆ ಅನ್ನಿಸುತ್ತಿದೆ.

ನಿನ್ನ ಅಧ್ಯಾಯ ಹೀಗೆ ಶುರುವಾಗುತ್ತದೆ: "ನೀರಾವರಿಯು ಮಾನವ ನಾಗರಿಕತೆಯ ಬೆಳವಣಿಗೆಯಲ್ಲಿ ಅತ್ಯಂತ ಮಹತ್ವದ ಪಾತ್ರವನ್ನು ವಹಿಸಿರುವುದನ್ನು ಕಾಣಬಹುದಾಗಿದೆ." ನನಗೆ ಬರೆದ ಪತ್ರದಲ್ಲಿ ನೀನು ಹೀಗೆ ಬರೆದಿದ್ದೀಯ: "ಆನೇಕಲ್ ಕಡೆ ಒಂದು ಊರಲ್ಲಿ ಹಳೇ ನೀರಗಂಟಿ, ಅಂದರೆ ಗದ್ದೆಗಳಿಗೆ ಕೆರೆ ನೀರು ಬಿಡುತ್ತಿದ್ದವರು, ಸಿಕ್ಕರು. ಕೆರೆಯಲ್ಲಿ ನೀರು ನಿಂತು ಎಷ್ಟೋ ವರ್ಷವಾಯ್ತಂತೆ. ಆದರೂ ಯಾವ ಗದ್ದೆಗೆ ಮೊದಲು, ಯಾವುದಕ್ಕೆ ಆಮೇಲೆ ಅಂತ ಬೆರಳು ಮಡಿಸಿ ಎಣಿಸಿ ಹೇಳಿದರು. ಕೆರೆಯಿಂದ ನೀರು ಬಿಡುವ ತೂಬಿನ ಹತ್ತಿರ ಹೋದಾಗ ಚಪ್ಪಲಿ ಬಿಟ್ಟರು."

ಎರಡನ್ನೂ ಬರೆದ ಕೈ ಒಂದೇ. ಮೊದಲನೆಯದನ್ನು ಕೆರೆಯನ್ನೇ ನೋಡದವರೂ ಬರೆಯಬಹುದು. ಎರಡನೆಯದನ್ನು ಬರೆಯಲು ಬಿಸಿಲಲ್ಲಿ ಆ ಏರಿಯ ಮೇಲೆ ನಡೆದಿರಬೇಕು, ಆ ಅಜ್ಜನ ಬೆರಳು ನೋಡಿರಬೇಕು. ನೋಡಿದವಳು ನೀನು. ಹಾಗಿದ್ದೂ ಆ ಅಜ್ಜ ನಿನ್ನ ಅಧ್ಯಾಯದಲ್ಲಿ ಎಲ್ಲೂ ಇಲ್ಲ. "ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಮಾಹಿತಿದಾರರಿಂದ ಮಾಹಿತಿ ಸಂಗ್ರಹಿಸಲಾಯಿತು" ಅನ್ನುವ ಒಂದು ಸಾಲಲ್ಲಿ ಅವರು ಕಳೆದುಹೋಗಿದ್ದಾರೆ. ದಿನಾ ಬೆಳಿಗ್ಗೆ ಎದ್ದು, ಬೇರೆ ಯಾರದೋ ದನಿಯಲ್ಲಿ, ನಿನಗೇ ಬೇಡವಾದ ವಾಕ್ಯ ಬರೆಯಬೇಕು ಅಂದರೆ ಯಾರಿಗೆ ತಾನೇ ಮನಸ್ಸು ಬರುತ್ತದೆ ಹೇಳು?

ಥೀಸಿಸ್ ಅಂದರೆ ಹೀಗೇ ಬರೆಯಬೇಕಲ್ವಾ ಅಂತ ನೀನು ಕೇಳಬಹುದು. ಖಂಡಿತ ಇಲ್ಲ. ಶಾಸ್ತ್ರೀಯವಾಗಿ ಇರಬೇಕು, ಹೇಳಿದ್ದಕ್ಕೆಲ್ಲ ಆಧಾರ ಇರಬೇಕು, ಓದುವವರು ಬೇಕಾದರೆ ಹೋಗಿ ಪರೀಕ್ಷಿಸುವಂತಿರಬೇಕು. "ಕಾಣಬಹುದಾಗಿದೆ", "ಗಮನಾರ್ಹವಾದುದಾಗಿದೆ" ಅಂತ ಬರೆದರೆ ಆಧಾರ ಗಟ್ಟಿಯಾಗುವುದಿಲ್ಲ. ಅಂಥ ಮಾತಿನ ಕೆಳಗೆ ಆಧಾರ ಇಲ್ಲ ಅನ್ನುವುದು ಅಡಗಿಕೊಳ್ಳುತ್ತದೆ, ಅಷ್ಟೇ.

ಬೇಗೂರಿನ ಶಾಸನ ನೀನು ಓದಿದ್ದೀಯ. ಸುಮಾರು 890ರ ಆ ಕಲ್ಲಿನಲ್ಲೇ ಬೆಂಗಳೂರಿನ ಹೆಸರು ಇದೆ. ಅದರ ವಾಕ್ಯ ಹೇಗಿದೆ ನೋಡು. ಬೇಗೂರಿನ ನಾಯಕ ನಾಗತ್ತರನ ಕಡೆಯವನಾದ ಬುಟ್ಟಣಸೆಟ್ಟಿ ಬೆಂಗಳೂರ ಕಾಳಗದಲ್ಲಿ ಸತ್ತ, ಅಷ್ಟೇ. ಯಾರು, ಯಾರ ಕಡೆಯವನು, ಎಲ್ಲಿ, ಏನಾಯಿತು. ಕಲ್ಲಿನಲ್ಲಿ ಕೆತ್ತಿದವನಿಗೆ ಒಂದು ಅಕ್ಷರವೂ ಜಾಸ್ತಿ ಬೇಕಿರಲಿಲ್ಲ. ನೀನು ಶಾಸನ ಓದುವವಳು. ಹೀಗೆ ಬರೆಯುವುದನ್ನು ಕಲಿಯಲು ನಿನಗೆ ಬೇರೆ ಗುರು ಬೇಕಾ?

ಈಗ ಆ ಅಜ್ಜನನ್ನು ಎರಡನೇ ಅಧ್ಯಾಯದ ಒಳಗೆ ಹೇಗೆ ತರುವುದು ಅಂತ ನೋಡೋಣ. ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರಿ. ಊರು, ಕೆರೆಯ ಹೆಸರು, ಮಾತಾಡಿದ ದಿನ ಅಡಿಟಿಪ್ಪಣಿಯಲ್ಲಿ ಇರಲಿ. ಹೆಸರು ಹಾಕಬಹುದಾ ಅಂತ ಅವರನ್ನೇ ಕೇಳು. ಆಮೇಲೆ ನಿನ್ನ ಶಾಸನಗಳ ಕಡೆ ತಿರುಗು. ಕೆರೆ ಕಟ್ಟಿಸಿದವರಿಗೂ ನೋಡಿಕೊಂಡವರಿಗೂ ಬಿಟ್ಟ ಭೂಮಿ ಬಿತ್ತುವಟ್ಟ, ಕಟ್ಟುಗೊಡಗೆ ಅಂತೆಲ್ಲ ಬರುತ್ತದಲ್ಲ, ಅದನ್ನು ಅಜ್ಜನ ಮಾತಿನ ಪಕ್ಕ ಇಡು. ಏರಿ ದುರಸ್ತಿ, ಹೂಳು ತೆಗೆಯುವುದು, ತೂಬು ಕಾಯುವುದು, ಇದಕ್ಕೆಲ್ಲ ಆಗ ಜಮೀನಿನ ಆದಾಯ ಇತ್ತು. ಈ ನೀರಗಂಟಿಗೆ ಏನು ಸಿಗುತ್ತಿತ್ತು? ಸುಗ್ಗಿಯಲ್ಲಿ ಕಾಳು ಕೊಡುತ್ತಿದ್ದರಾ? ಯಾವಾಗ ನಿಂತಿತು? ಕೆರೆ ನೀರುಣ್ಣುತ್ತಿದ್ದ ಅಚ್ಚುಕಟ್ಟು ಲೇಔಟ್ ಆದಮೇಲಾ, ಅದಕ್ಕೂ ಮೊದಲೇ ಬೋರ್‌ವೆಲ್ ಬಂದಾಗಲಾ? ಈ ಪ್ರಶ್ನೆಗಳು ನಿನ್ನ ಅಧ್ಯಾಯದಲ್ಲಿ ಈಗ ಇಲ್ಲ. ಅಜ್ಜ ಒಳಗೆ ಬಂದ ಕೂಡಲೇ ತಾವಾಗೇ ಎದ್ದು ನಿಲ್ಲುತ್ತವೆ. ಪ್ರಶ್ನೆ ಎದುರಿಗೆ ಇದ್ದಾಗ ಬೆಳಿಗ್ಗೆ ಏಳುವುದೂ ಸುಲಭ. ಉತ್ಸಾಹ ಬರಲಿ, ಆಮೇಲೆ ಬರೆಯುತ್ತೇನೆ ಅಂತ ಕೂತವರಿಗೆ ಅದು ಬಂದಿದ್ದನ್ನು ನಾನು ನೋಡಿಲ್ಲ. ಒಂದು ಪ್ಯಾರಾ ಸರಿಯಾಗಿ ಬಂದ ದಿನ ಸಂಜೆಗೆ ಬರುತ್ತದೆ. ಮರುದಿನದ ತನಕ ಉಳಿಯುತ್ತದೆ.

ಇನ್ನೂ ಓದುವುದು ಬಾಕಿ ಇದೆ, ಓದಿ ಮುಗಿಸಿ ಬರೆಯುತ್ತೇನೆ ಅಂತ ಬರೆದಿದ್ದೀಯ. ಓದು ಮುಗಿಯುವುದಿಲ್ಲ ಕಣೇ. ಬಿ. ಎಲ್. ರೈಸ್ 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ಮುಗಿಯಿತು ಅಂದುಕೊಂಡರೆ, ಆಮೇಲೆ ಸಿಕ್ಕ ಕಲ್ಲುಗಳಿವೆ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದಿದ್ದು 2018ರಲ್ಲಿ. ಅದು ಸುಮಾರು 750ರದು. ಬೇಗೂರಿನದಕ್ಕಿಂತ ನೂರು ವರ್ಷಕ್ಕೂ ಹಿಂದಿನದು. ನೀನು ಸಬ್ಮಿಟ್ ಮಾಡಿದ ಮರುದಿನವೇ ಇನ್ನೊಂದು ಕಲ್ಲು ಸಿಗಬಹುದು. ಸಿಗಲಿ, ಒಳ್ಳೆಯದೇ. ಇವತ್ತು ಗೊತ್ತಿರುವಷ್ಟರಲ್ಲಿ ಇವತ್ತು ಬರಿ.

ಓದಿದ ಜಾಗದ ಹತ್ತಿರವೇ ಬರಿ, ಇದು ಮುಖ್ಯ. ವಿಜಯನಗರದಲ್ಲಿ ಮೆಟ್ರೋ ಹತ್ತಿ ವಿಧಾನಸೌಧದ ಹತ್ತಿರ ಇಳಿದರೆ ನಿನಗೆ ಬೇಕಾದ್ದೆಲ್ಲ ನಡೆದು ಹೋಗುವಷ್ಟು ದೂರದಲ್ಲಿದೆ. ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರ, ಕಬ್ಬನ್ ಪಾರ್ಕಿನ ಒಳಗೆ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯ, ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಶುರುವಾದ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿ. ಬೆಳಿಗ್ಗೆ ಹೋಗಿ ಫೈಲ್ ನೋಡುತ್ತೀಯ, ಮೊಬೈಲಲ್ಲಿ ಫೋಟೋ ತುಂಬಿಕೊಳ್ಳುತ್ತೀಯ, ಪಿಜಿಗೆ ಬಂದು ಮಲಗುತ್ತೀಯ. ಆ ಫೋಟೋಗಳನ್ನು ಮತ್ತೆ ತೆರೆಯುವುದೇ ಇಲ್ಲ, ಅಲ್ವಾ? ಇನ್ನು ಮೇಲೆ ಮನೆ ಕಡೆ ಹೊರಡುವ ಮುಂಚೆ ಪಾರ್ಕಿನ ಬೆಂಚಿನ ಮೇಲೆ ಕೂತು ಅರ್ಧ ಪುಟ ಬರಿ. ಇವತ್ತು ಏನು ಸಿಕ್ಕಿತು, ಯಾವುದು ಆಶ್ಚರ್ಯ ಅನ್ನಿಸಿತು, ಯಾವುದು ಅರ್ಥವಾಗಲಿಲ್ಲ. ಫೈಲ್ ನಂಬರ್, ವರ್ಷ, ಪುಟ ಅಲ್ಲೇ ಗುರುತು ಹಾಕು. ಆ ಅರ್ಧ ಪುಟಗಳೇ ಮುಂದೆ ಅಧ್ಯಾಯದ ಒಳಗೆ ಹೋಗಿ ಕೂರುತ್ತವೆ.

ಆ ದಾರಿಯನ್ನೂ ಸ್ವಲ್ಪ ನೋಡು. ನಿನ್ನ ಮೆಟ್ರೋ ಹಾದುಹೋಗುವ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಬ್ಬನ್ ಪಾರ್ಕಿನ ಆಚೆ ಕಂಠೀರವ ಸ್ಟೇಡಿಯಂ ಇರುವ ಕಡೆ ಸಂಪಂಗಿ ಕೆರೆ ಇತ್ತು. ಕೆರೆಗಳ ಬಗ್ಗೆ ಥೀಸಿಸ್ ಬರೆಯುವ ಹುಡುಗಿ ದಿನಾ ಕೆರೆಯ ಮೇಲೇ ಓಡಾಡುತ್ತಿದ್ದಾಳೆ. ನಿನ್ನ ಮುನ್ನುಡಿಗೆ ನಾಗರಿಕತೆಯ ತನಕ ಹೋಗುವುದೇ ಬೇಡ, ಮೆಜೆಸ್ಟಿಕ್ ಸಾಕು.

ದಿನಚರಿ ಬಗ್ಗೆ ಕೇಳಿದ್ದೀಯ. ರೂಮಲ್ಲಿ ನಾಲ್ಕು ಜನ, ಒಂದೇ ಬಾತ್‌ರೂಮು, ಗೀಸರ್‌ಗೆ ಸರದಿ, ಒಬ್ಬಳು ಫೋನಲ್ಲಿ, ಒಬ್ಬಳು ರೀಲ್ಸ್‌ನಲ್ಲಿ. ಆ ರೂಮಲ್ಲಿ ಬರೆಯಲು ಆಗುತ್ತಿಲ್ಲ ಅಂದರೆ ಅದು ನಿನ್ನ ಸೋಮಾರಿತನ ಅಲ್ಲ. ಹಂಪಿನಗರದ ಲೈಬ್ರರಿ ನಿನಗೆ ಹತ್ತಿರ. ಕೆಎಎಸ್‌ಗೆ, ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿ ಬೆಳಿಗ್ಗೆಯೇ ಬಂದು ಸೀಟು ಹಿಡಿಯುತ್ತಾರೆ. ಅವರ ನಡುವೆ ಹೋಗಿ ಕೂರು. ಯಾರೂ ಮಾತಾಡದೆ ಓದುವ ಜನರ ಪಕ್ಕ ಕೂತರೆ ಕೈ ತಾನಾಗೇ ಓಡುತ್ತದೆ. ಬೆಳಗಿನ ಎರಡು ಗಂಟೆ ಬರೆಯುವುದಕ್ಕೆ ಮಾತ್ರ ಇರಲಿ. ಆ ಹೊತ್ತಲ್ಲಿ ಮೇಲ್ ಬೇಡ, ವಾಟ್ಸಾಪ್ ಬೇಡ, "ಒಂದು ಲೇಖನ ಡೌನ್‌ಲೋಡ್ ಮಾಡಿಬಿಡೋಣ" ಕೂಡ ಬೇಡ. ಏಳುವ ಮುಂಚೆ ನಾಳೆ ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಅಂತ ಒಂದು ಸಾಲು ಬರೆದಿಡು. ನಾನು ಇವತ್ತಿಗೂ ಹಾಗೇ ಮಾಡುತ್ತೇನೆ. ಖಾಲಿ ಪುಟದ ಭಯಕ್ಕೆ ನನಗೆ ಗೊತ್ತಿರುವ ಮದ್ದು ಅದೊಂದೇ. ಮಧ್ಯಾಹ್ನಕ್ಕೆ ಯೂನಿವರ್ಸಿಟಿಗೆ, ಜ್ಞಾನಭಾರತಿಗೆ ಹೋಗು. ಫಾರಂ, ಸಹಿ, ಪ್ರೋಗ್ರೆಸ್ ರಿಪೋರ್ಟ್ ಎಲ್ಲ ಆಗ ನೋಡಿಕೊಂಡರೆ ಸಾಕು.

ನುಡಿ ತಂತ್ರಾಂಶದ ಹಳೇ ಫಾಂಟಲ್ಲಿರುವ ಅಧ್ಯಾಯವನ್ನು ಈಗಲೇ ಯುನಿಕೋಡ್‌ಗೆ ಬದಲಿಸಿಕೋ. ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ತಪ್ಪುತ್ತವೆ. ಸಬ್ಮಿಟ್ ಮಾಡುವ ವಾರದಲ್ಲಿ ಅದನ್ನು ತಿದ್ದುತ್ತಾ ಕೂತರೆ ಜೀವ ಹೋಗುತ್ತದೆ.

ಗೈಡ್ ಅಧ್ಯಾಯ ಇಟ್ಟುಕೊಂಡು ತಿಂಗಳುಗಟ್ಟಲೆ ನೋಡುತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಆ ಬೇಜಾರು ನ್ಯಾಯವಾದದ್ದೇ. ಆದರೂ ಒಂದು ಮಾಡಿ ನೋಡು. ಅರವತ್ತು ಪುಟ ಒಟ್ಟಿಗೆ ಕೊಡಬೇಡ. ಐದು ಪುಟ ಪ್ರಿಂಟ್ ತೆಗೆದು ಕೊಡು, ಮೇಲೆ ಎರಡು ಪ್ರಶ್ನೆ ಬರಿ: "ಸರ್, ಬಿತ್ತುವಟ್ಟದ ಬಗ್ಗೆ ನನ್ನ ಈ ಮಾತು ನಿಲ್ಲುತ್ತಾ? ಈ ಎರಡು ಶಾಸನ ಒಟ್ಟಿಗೆ ಇಟ್ಟಿದ್ದು ಸರಿಯಾ?" ಪಾಠ, ಮೀಟಿಂಗ್, ಮೌಲ್ಯಮಾಪನದ ನಡುವೆ ಇರುವವರು ಅರವತ್ತು ಪುಟ ಮುಂದಕ್ಕೆ ಹಾಕುತ್ತಾರೆ, ಐದು ಪುಟ ಟೀ ಕುಡಿಯುವಾಗ ಓದುತ್ತಾರೆ. ಪ್ರತಿ ಸೆಮಿಸ್ಟರ್ ಸಲಹಾ ಸಮಿತಿಯ ಮುಂದೆ ಹೇಗೂ ಹೋಗುತ್ತೀಯ. ಸ್ಲೈಡ್ ಜೊತೆ ಬರೆದ ಪುಟಗಳನ್ನೂ ಒಯ್ಯಿ. ಅಲ್ಲಿ ಇನ್ನಿಬ್ಬರು ಓದುಗರು ಸಿಗುತ್ತಾರೆ.

ಅವಧಿ ಬಗ್ಗೆ ಹೆದರಬೇಡ. ಯುಜಿಸಿಯ 2022ರ ನಿಯಮದ ಪ್ರಕಾರ ಪ್ರವೇಶ ಪಡೆದ ದಿನದಿಂದ ಆರು ವರ್ಷದ ಅವಕಾಶ ಇದೆ. ಅದರ ಮೇಲೆ ಮರು ನೋಂದಣಿಗೆ ಎರಡು ವರ್ಷ, ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷದ ರಿಯಾಯಿತಿಯನ್ನೂ ಕೊಡಬಹುದು. ಇದನ್ನು ಹೇಳಿದ್ದು ರಾತ್ರಿ ನಿದ್ದೆ ಬರಲಿ ಅಂತ. ಆ ವರ್ಷಗಳನ್ನೆಲ್ಲ ಬಳಸಿಕೋ ಅಂತ ಅಲ್ಲ. ಐದನೇ ವರ್ಷದ ಕೊನೆಗೆ ಮುಗಿಸುವ ಹಾಗೆ ಬರಿ.

ದುಡ್ಡಿನ ಮಾತು ಬಿಡುವ ಹಾಗಿಲ್ಲ. ಸೀನಿಯರ್ ಫೆಲೋಶಿಪ್ 2023ರಿಂದ ತಿಂಗಳಿಗೆ 42,000 ಅಂತ ಕಾಗದದ ಮೇಲೆ ಇದೆ. ಆದರೆ ನಿನಗೆ ಅದು ತಿಂಗಳು ತಿಂಗಳು ಬರುತ್ತಿಲ್ಲ. ಪಿಜಿಯವರು ಮಾತ್ರ ತಿಂಗಳ ಐದನೇ ತಾರೀಖಿಗೆ ಬಾಗಿಲು ತಟ್ಟುತ್ತಾರೆ. ಬಾಡಿಗೆ ಕಟ್ಟುವ ಚಿಂತೆಯಲ್ಲಿ ಹತ್ತನೇ ಶತಮಾನದ ಕೆರೆಯ ಬಗ್ಗೆ ಯೋಚಿಸಲು ಆಗದಿದ್ದರೆ ಅದನ್ನು ನಿನ್ನ ದೌರ್ಬಲ್ಯ ಅಂದುಕೊಳ್ಳಬೇಡ. ಬಾಕಿ ಒಟ್ಟಿಗೆ ಬಂದಾಗ ಮೂರು ತಿಂಗಳ ಬಾಡಿಗೆ ಬೇರೆ ಖಾತೆಗೆ ಹಾಕಿಬಿಡು. ಹಾಸ್ಟೆಲ್‌ಗೆ ಮತ್ತೆ ಅರ್ಜಿ ಕೊಡು. ಗೆಸ್ಟ್ ಲೆಕ್ಚರರ್ ಕೆಲಸ ಸದ್ಯಕ್ಕೆ ಒಪ್ಪಿಕೊಳ್ಳಬೇಡ. ಫೆಲೋಶಿಪ್ ಇರುವಾಗ ನಿಯಮ ಏನು ಹೇಳುತ್ತದೆ ಅಂತ ಮೊದಲು ಕೇಳಿಕೋ. ಆ ಕೆಲಸ ಬೆಳಗಿನ ಹೊತ್ತನ್ನೂ ತಿಂದುಬಿಡುತ್ತದೆ.

ಮದುವೆ ಮನೆಗಳಲ್ಲಿ "ಇನ್ನೂ ಓದು ಮುಗಿದಿಲ್ವಾ?" ಅಂತ ಕೇಳುವವರಿಗೆ ಉತ್ತರ ಕೊಡುವ ಸಾಹಸ ಬೇಡ. ಅಮ್ಮ ಕೇಳಿದರೆ ಮಾತ್ರ ಸುಮ್ನೆ ಇರಬೇಡ. ಅವರು ಮಾಗಡಿ ಕಡೆ ಕೆರೆ ನೋಡಿಕೊಂಡೇ ಬೆಳೆದವರು ಅಂತ ನೀನೇ ಹೇಳಿದ್ದೆ. ಮುಂದಿನ ಸಲ ಊರಿಗೆ ಹೋದಾಗ ಎರಡು ಪುಟ ಅವರಿಗೆ ಓದಿ ಹೇಳು. ಅವರಿಗೆ ಅರ್ಥವಾಗದ ವಾಕ್ಯದ ಕೆಳಗೆ ಗೆರೆ ಎಳಿ. ನಮ್ಮೂರಲ್ಲಿ ಕೋಡಿ ಬಿದ್ದಾಗ ಹೀಗೆ ಮಾಡುತ್ತಿದ್ದರು ಅಂತ ಅವರೇ ಏನಾದರೂ ಹೇಳಿದರೆ ಪೆನ್ನು ಕೈಯಲ್ಲಿರಲಿ.

ಥೀಸಿಸ್ ಯಾರು ಓದುತ್ತಾರೆ, ಬೀರುವಿನಲ್ಲಿ ಧೂಳು ಹಿಡಿಯುತ್ತದೆ ಅಂತ ನೀನು ಬರೆದ ಸಾಲು ನನಗೆ ತುಂಬಾ ನೋವು ಮಾಡಿತು. ಡಿಗ್ರಿ ಬಂದ ಮೇಲೆ ಅದು ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಕೋಲಾರದಲ್ಲಿ ಕೆರೆ ಉಳಿಸಲು ಓಡಾಡುತ್ತಿರುವ ಒಬ್ಬ ಮೇಷ್ಟ್ರು ಒಂದು ರಾತ್ರಿ ಅದನ್ನು ಇಳಿಸಿಕೊಂಡು ಓದಬಹುದು. ಅವರಿಗೆ ನಾಗರಿಕತೆ ಬಗ್ಗೆ ಉಪನ್ಯಾಸ ಬೇಡ. ತೂಬು ಹೇಗಿತ್ತು, ಹೂಳು ಯಾರು ಎತ್ತುತ್ತಿದ್ದರು, ಖರ್ಚು ಎಲ್ಲಿಂದ ಬರುತ್ತಿತ್ತು, ಇದು ಬೇಕು. ಅವರನ್ನು ಎದುರಿಗೆ ಕೂರಿಸಿಕೊಂಡು ಬರಿ. ಪರೀಕ್ಷಕರಿಗೂ ಅದೇ ಇಷ್ಟವಾಗುತ್ತದೆ.

ಕಥೆಯ ವಿಷಯ. ಭಾನುವಾರ ಬೆಳಿಗ್ಗೆ ಕಥೆಗೆ ಕೊಡು, ಥೀಸಿಸ್ ಫೈಲ್ ಮುಟ್ಟಬೇಡ. ಅಧ್ಯಾಯಕ್ಕೆ ತರಲಾಗದ್ದು ಎಷ್ಟೋ ಇರುತ್ತದೆ. ಒಬ್ಬರ ಜಗಳ, ಒಬ್ಬರ ಸುಳ್ಳು, ಆಧಾರ ಸಿಗದ ಒಂದು ಅನುಮಾನ. ಅದಕ್ಕೊಂದು ಬೇರೆ ನೋಟ್‌ಬುಕ್ ಇಡು. ಕ್ಷೇತ್ರಕಾರ್ಯ ಮಾಡಿದವರ ಹತ್ತಿರ ಇರುವಷ್ಟು ಕಥೆ ಯಾರ ಹತ್ತಿರವೂ ಇರುವುದಿಲ್ಲ. ಆದರೆ ಆ ಜನರ ಗುಟ್ಟು ಅವರದೇ. ಊರು, ಹೆಸರು ಬದಲಿಸಿದರೂ ಅವರಿಗೆ ನೋವಾಗುತ್ತದೆ ಅನ್ನಿಸಿದರೆ ಬಿಟ್ಟುಬಿಡು.

ಎರಡನೇ ಅಧ್ಯಾಯದ ಮೊದಲ ಐದು ಪುಟ ಹೊಸದಾಗಿ ಬರೆದು ಬರುವ ಶನಿವಾರದೊಳಗೆ ನನಗೆ ತಂದುಕೊಡು. ಪಿಡಿಎಫ್ ಬೇಡ, ಪ್ರಿಂಟ್ ತಾ, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡು. ಸಂಜೆ ಆರರ ಮೇಲೆ ಮನೆಯಲ್ಲೇ ಇರುತ್ತೇನೆ. ಊಟಕ್ಕೆ ಇರುವ ಹಾಗೇ ಬಾ, ಕೂತು ಒಟ್ಟಿಗೆ ಓದೋಣ.

ಪ್ರೀತಿಯಿಂದ,
ನಿನ್ನ ಅಕ್ಕ