ತೋಲೋಲಿಂಗ್‌ನಲ್ಲಿ ನನ್ನನ್ನು ಹೊತ್ತು ತಂದ ಭಾಯಿಗೆ

ಜುಲೈ 26, ಕಾರ್ಗಿಲ್ ವಿಜಯ ದಿವಸ ಬಂದರೆ ಚಿತ್ರದುರ್ಗದಲ್ಲಿ ನಾವು ಮಾಜಿ ಸೈನಿಕರು ಸೇರುತ್ತೇವೆ. ಮಾತು ತಿರುಗಿ 1999ರ ಕಾರ್ಗಿಲ್ ಯುದ್ಧದ ದ್ರಾಸ್‌ಗೇ ಬರುತ್ತದೆ. ಆಗ ನನಗೆ ನೆನಪಾಗುವುದು ನೀವೇ, ಭಾಯಿ.

ನಾನು ಆರ್ಟಿಲರಿಯ ರೇಡಿಯೋ ಆಪರೇಟರ್. ನಿಮ್ಮ ಪಲ್ಟನ್ ಜೊತೆ ತೋಲೋಲಿಂಗ್ ಬೆಟ್ಟ ಹತ್ತುವಾಗ ಶೆಲ್ಲಿನ ಚೂರು ತೊಡೆಗೆ ಹೊಕ್ಕಿತು. ಹಗಲೆಲ್ಲ ಮೇಲಿನಿಂದ ಮೆಷಿನ್ ಗನ್. ತಲೆ ಎತ್ತುವ ಹಾಗೇ ಇರಲಿಲ್ಲ. ಕತ್ತಲಾದ ಮೇಲೆ ನೀವು ತೆವಳಿಕೊಂಡು ಬಂದಿರಿ. ಪಟ್ಟಿ ಬಿಗಿದಿರಿ. ನಿಮ್ಮ ಉಣ್ಣೆಯ ಗ್ಲೌಸ್ ಬಿಚ್ಚಿ ನನ್ನ ಕೈಗೆ ಹಾಕಿದಿರಿ. ಆ ಚಳಿಯಲ್ಲಿ ಬರಿಗೈಲಿ ಬಂಡೆ ಹಿಡಿಯೋದು ಅಂದರೆ ಏನಂತ ಅಲ್ಲಿದ್ದವರಿಗೇ ಗೊತ್ತು. ನನ್ನನ್ನು ಬೆನ್ನ ಮೇಲೆ ಹಾಕಿಕೊಂಡು, ಜಾರುವ ಕಲ್ಲುಗಳ ಮೇಲೆ ಕೂತು ಕೂತು ಇಳಿದಿರಿ. ಆಕಾಶದಲ್ಲಿ ಬೆಳಕಿನ ಶೆಲ್ ಹೊತ್ತಿದಾಗಲೆಲ್ಲ ನನಗೆ ಅಡ್ಡವಾಗಿ ಮಲಗುತ್ತಿದ್ದಿರಿ.

ಕೆಳಗೆ ಸ್ಟ್ರೆಚರ್‌ನವರಿಗೆ ಒಪ್ಪಿಸಿ ಮತ್ತೆ ಮೇಲಕ್ಕೇ ಹೋದಿರಿ. ಹೆಸರು ಕೇಳಲೂ ಆಗಲಿಲ್ಲ. ಆಮೇಲೆ ಎಷ್ಟೋ ಜನರನ್ನು ವಿಚಾರಿಸಿದೆ.

ಕಾಲು ಉಳಿಯಿತು. ಚಳ್ಳಕೆರೆ ಹತ್ತಿರ ಹೊಲದಲ್ಲಿ ಶೇಂಗಾ ಬಿತ್ತುತ್ತೇನೆ. ಮಗಳ ಮದುವೆ ಮಾಡಿದೆ. ನನ್ನ ಮನೆಯವರೆಲ್ಲರ ಪರವಾಗಿ ನಿಮಗೂ ನಿಮ್ಮನ್ನು ಹೆತ್ತವರಿಗೂ ಕೈಮುಗಿಯುತ್ತೇನೆ. ನಿಮಗೆ ಕನ್ನಡ ಬಾರದು. ಇದನ್ನು ಓದಿದ ಫೌಜಿಗಳು ಯಾರಾದರೂ ದಯವಿಟ್ಟು ಅವರಿಗೆ ಮುಟ್ಟಿಸಿ.