ಬಿಲ್ಲಿನಲ್ಲಿ ಮಾತ್ರ ಇರುವ ಸ್ಟ್ಯಾಟಿಕ್ ಐಪಿ ಕುರಿತು ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಸ್ಟ್ಯಾಟಿಕ್ ಐಪಿಗೆಂದು, ಅಂದರೆ ನನ್ನ ಸಂಪರ್ಕಕ್ಕೇ ಮೀಸಲಾದ, ಬದಲಾಗದ ಇಂಟರ್ನೆಟ್ ವಿಳಾಸಕ್ಕೆಂದು, ಪ್ರತಿ ಬಿಲ್ಲಿನಲ್ಲೂ ಬೇರೆಯೇ ಸಾಲು ಹಾಕಿ ಹಣ ಪಡೆಯುತ್ತಿದ್ದೀರಿ. ನನ್ನ ರೌಟರಿನ ವ್ಯಾನ್ ಪುಟದಲ್ಲಿ (ಹೊರಗಿನ ಸಂಪರ್ಕದ ವಿವರ ತೋರಿಸುವ ಪುಟ) ಕಾಣುವುದು 100.72ರಿಂದ ಶುರುವಾಗುವ ವಿಳಾಸ. ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ನಿಮ್ಮ ಜಾಲಕ್ಕೆ ಸೇರುವ) ಸಂಪರ್ಕ ಕಡಿದು ಮತ್ತೆ ಕೂಡಿದಾಗಲೆಲ್ಲ ಅದೂ ಬದಲಾಗುತ್ತದೆ.

100.64.0.0ರಿಂದ 100.127.255.255ರವರೆಗಿನ ವಿಳಾಸಗಳನ್ನು 2012ರಲ್ಲೇ ಇಂಟರ್ನೆಟ್ ನಿಯಮಗಳ ದಾಖಲೆಯಾದ ಆರ್‌ಎಫ್‌ಸಿ 6598 ನಿಮ್ಮಂಥ ಸೇವಾದಾರರ ಒಳಬಳಕೆಗೆಂದು ಮೀಸಲಿಟ್ಟಿದೆ. ಇಂಟರ್ನೆಟ್‌ನಲ್ಲಿ ಅವುಗಳಿಗೆ ದಾರಿಯೇ ಇರುವುದಿಲ್ಲ. ಅಂದರೆ ನನ್ನನ್ನು ಸಿಜಿನ್ಯಾಟ್ (ವಿಳಾಸ ಬದಲಿಸಿ ಹಂಚುವ ನಿಮ್ಮ ಯಂತ್ರ) ಹಿಂದೆ ಕೂರಿಸಿ, ಒಂದೇ ಸಾರ್ವಜನಿಕ ಐಪಿಯನ್ನು ಹಲವು ಗ್ರಾಹಕರಿಗೆ ಹಂಚಿದ್ದೀರಿ. ಹೊರಗಿನಿಂದ ನನ್ನ ಕ್ಯಾಮೆರಾ ರೆಕಾರ್ಡರಿಗೆ ಬರುವ ಪ್ಯಾಕೆಟ್ (ಡೇಟಾ ತುಣುಕು) ನಿಮ್ಮ ನ್ಯಾಟ್ ಯಂತ್ರದ ತನಕ ಬರುತ್ತದೆ, ಯಾರಿಗೆ ತಲುಪಿಸಬೇಕೆಂಬ ನಮೂದು ಅದರ ಕೋಷ್ಟಕದಲ್ಲಿ ಸಿಗದೆ ಅಲ್ಲೇ ಬಿದ್ದುಹೋಗುತ್ತದೆ. ರೌಟರನ್ನು ಅದು ಮುಟ್ಟುವುದೇ ಇಲ್ಲ. ಹೀಗಿರುವಾಗ ನಾನಿಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ (ಹೊರಗಿನಿಂದ ಬಂದದ್ದನ್ನು ರೌಟರ್ ರೆಕಾರ್ಡರಿಗೆ ದಾಟಿಸುವಂತೆ ಹೊಂದಿಸಿ) ಏನು ಪ್ರಯೋಜನ?

ಇದನ್ನೆಲ್ಲ ಫೋನಿನಲ್ಲಿ ಸಮಾಧಾನವಾಗಿಯೇ ಹೇಳುತ್ತ ಬಂದಿದ್ದೆ. ಕೊನೆಯ ಕರೆಯಲ್ಲಿ ನಡೆದದ್ದು ನಿಮಗೆ ಗೊತ್ತಾಗಲೇಬೇಕು. ನಿಮ್ಮ ತಾಂತ್ರಿಕ ಸಿಬ್ಬಂದಿ ಕಂಪ್ಯೂಟರಿನಲ್ಲಿ ‘ಐಪಿಕಾನ್ಫಿಗ್’ ಎಂಬ ಆದೇಶ ಕೊಟ್ಟು ಬಂದದ್ದನ್ನು ಓದಿ ಎಂದರು. 192.168.1.10 ಎಂದೆ. “ನೋಡಿ, ಅದೇ ನಿಮ್ಮ ಸ್ಟ್ಯಾಟಿಕ್ ಐಪಿ. ಬರೆದಿಟ್ಕೊಳ್ಳಿ.” ಅದು ನನ್ನ ರೌಟರಿನ ಡಿಎಚ್‌ಸಿಪಿ (ವಿಳಾಸ ಹಂಚುವ ವ್ಯವಸ್ಥೆ) ಮನೆಯೊಳಗೆ ಕೊಟ್ಟ ವಿಳಾಸ, ಅದೇ ಅಂಕಿ ಎಷ್ಟೋ ಮನೆಗಳಲ್ಲಿರುತ್ತದೆ ಎಂದೆ. “ಬೇರೆ ಮನೆಯವರ ವಿಷಯ ನಿಮಗ್ಯಾಕೆ ಸರ್?” ವ್ಯಾನ್ ವಿಳಾಸ ಓದಲೇ ಎಂದರೆ ಬೇಡ ಎಂದರು. ಪಕ್ಕದಲ್ಲಿ ಯಾರೋ ನಕ್ಕರು. “ಕಂಪ್ಯೂಟರ್ ಗೊತ್ತಿರೋರು ಮನೇಲಿ ಯಾರಾದ್ರೂ ಇದ್ರೆ ಫೋನ್ ಕೊಡಿ” ಎಂಬ ಮಾತೂ ಬಂತು. ಕಡೆಗೆ, ರಿಸೆಟ್ ಗುಂಡಿಯನ್ನು ಪಿನ್ನಿನಿಂದ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ ಎಂದರು. ಹಾಗೆ ಮಾಡಿದರೆ ಪಿಪಿಪಿಒಇ ಪಾಸ್‌ವರ್ಡ್, ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ನಮೂದಿಸಿ ರೆಕಾರ್ಡರಿಗೆ ಕಾಯ್ದಿರಿಸಿದ 192.168.1.50, ಪೋರ್ಟ್ ನಿಯಮಗಳು ಎಲ್ಲ ಅಳಿಸಿಹೋಗಿ ಮತ್ತೆ ಸಿಗುವುದು ಅದೇ ನೂರರ ಸಾಲಿನ ವಿಳಾಸ ಎಂದು ವಿವರಿಸಿದೆ. “ಗ್ರಾಹಕರು ಸಹಕರಿಸಲಿಲ್ಲ” ಎಂದು ಬರೆದು ದೂರನ್ನು ಮುಚ್ಚಿದರು! ಮನೆಯೊಳಗಿನ ವಿಳಾಸಕ್ಕೂ ಹೊರಗಿನದಕ್ಕೂ ವ್ಯತ್ಯಾಸ ತಿಳಿಯದವರನ್ನು ಸಹಾಯವಾಣಿಯಲ್ಲಿ ಕೂರಿಸಿದ್ದು ನೀವು, ಬೈಸಿಕೊಂಡದ್ದು ನಾನು.

ಮಾಡಬೇಕಾದ ಕೆಲಸ ನಿಮ್ಮ ಎಂಜಿನಿಯರಿಗೆ ಗೊತ್ತಿರುವಂಥದ್ದೇ. ನನ್ನ ಬಳಕೆದಾರ ಹೆಸರನ್ನು ಸಿಜಿನ್ಯಾಟ್ ಪೂಲಿನಿಂದ ಹೊರತೆಗೆದು, ಲಾಗಿನ್ ಪರಿಶೀಲಿಸುವ ರೇಡಿಯಸ್ ಸರ್ವರಿನಲ್ಲಿ ಆ ಹೆಸರಿಗೆ ಫ್ರೇಮ್ಡ್ ಐಪಿ ಅಡ್ರೆಸ್ (ಲಾಗಿನ್ ಆದಾಗ ಕೊಡುವ ವಿಳಾಸ) ಆಗಿ ಒಂದು ಸಾರ್ವಜನಿಕ ವಿಳಾಸ ನಮೂದಿಸಿ, ಈಗಿನ ಸೆಷನ್ ಕಡಿಯಬೇಕು. ರೌಟರ್ ಮತ್ತೆ ಲಾಗಿನ್ ಆದಾಗ ಆ ವಿಳಾಸವೇ ಬರುತ್ತದೆ. ವ್ಯಾನ್ ಪುಟದ ಅಂಕಿಯೂ ಹೊರಗಿನ ಜಾಲತಾಣಕ್ಕೆ ಕಾಣುವ ಅಂಕಿಯೂ ಒಂದೇ ಆಗಿದ್ದರೆ ಕೆಲಸ ಆಯಿತೆಂದು ಅರ್ಥ. ನನ್ನ ರೌಟರಿನಲ್ಲಿ ಮುಟ್ಟುವಂಥದ್ದು ಏನೂ ಇಲ್ಲ, ಮನೆಗೆ ಯಾರನ್ನೂ ಕಳಿಸಬೇಡಿ.

ಇದುವರೆಗೆ ಸ್ಟ್ಯಾಟಿಕ್ ಐಪಿಗೆಂದು ಪಡೆದ ಅಷ್ಟೂ ಹಣ ವಾಪಸ್ ಬರಬೇಕು. ಮುಂದಿನ ಬಿಲ್ಲಿನಲ್ಲಿ ಆ ಸಾಲು ಕಂಡರೆ ಆ ಮೊತ್ತ ಕಟ್ಟುವುದಿಲ್ಲ; ವ್ಯಾನ್ ಪುಟದ ಚಿತ್ರಗಳು, ಬಿಲ್ಲುಗಳು, ನೀವು ಮುಚ್ಚಿದ ದೂರಿನ ಪ್ರತಿ ಎಲ್ಲವನ್ನೂ ಗ್ರಾಹಕ ನ್ಯಾಯಾಲಯದ ಮುಂದಿಡುತ್ತೇನೆ. ಕರೆಗಳನ್ನು ರೆಕಾರ್ಡ್ ಮಾಡುತ್ತೇವೆ ಎಂದು ಪ್ರತಿ ಸಲವೂ ನೀವೇ ಹೇಳುತ್ತೀರಿ. ಆ ಕರೆಯ ರೆಕಾರ್ಡಿಂಗ್ ಅಳಿಸಬೇಡಿ, ಅಲ್ಲಿ ಅದನ್ನು ಹಾಜರುಪಡಿಸುವಂತೆ ಕೇಳುತ್ತೇನೆ.

ಇಂತಿ,
ನಿಮ್ಮ ಗ್ರಾಹಕ