ಅರ್ಜಿ ಮೊದಲು, ಪ್ರಬಂಧ ಮರುದಿನ

ಮಾನ್ಯರೆ,

ಅಡಿಕೆ ಸಿಪ್ಪೆಯಿಂದ ಹೊಸ ವಸ್ತು, ಎಲೆಚುಕ್ಕಿ ರೋಗಕ್ಕೆ ಹೊಸ ಸಿಂಪಡಣೆ ಎಂದು ಮಲೆನಾಡಿನ ಸಂಶೋಧಕರು ಹೊರಟಾಗಲೆಲ್ಲ ಫಲಿತಾಂಶವನ್ನು ಎಲ್ಲರಿಗೂ ತೆರೆದಿಡಬೇಕೋ, ಪೇಟೆಂಟ್ ಮಾಡಿಸಬೇಕೋ ಎಂಬ ಚರ್ಚೆ ಏಳುತ್ತದೆ. ಎರಡೂ ಸಾಧ್ಯ, ಯಾವುದು ಮೊದಲು ಎಂಬುದಷ್ಟೇ ಮುಖ್ಯ.

ಅಮೆರಿಕದಲ್ಲಿ ಪ್ರಬಂಧ ಪ್ರಕಟಿಸಿದ ಮೇಲೂ ಪೇಟೆಂಟ್ ಅರ್ಜಿಗೆ ಒಂದು ವರ್ಷ ಅವಕಾಶವಿದೆ. ನಮ್ಮ 1970ರ ಪೇಟೆಂಟ್ ಕಾಯ್ದೆಯ 31ನೇ ಕಲಂ ಕೊಡುವ 12 ತಿಂಗಳ ವಿನಾಯಿತಿ ಬಲು ಕಿರಿದು: ವಿದ್ವತ್ ಸಂಸ್ಥೆಯ ಮುಂದೆ ಓದಿದ ಪ್ರಬಂಧ, ಸರ್ಕಾರ ಅಧಿಸೂಚಿಸಿದ ಪ್ರದರ್ಶನ, ಇಂಥವಕ್ಕೆ ಮಾತ್ರ. ಪ್ರಿಪ್ರಿಂಟ್ (ವಿದ್ವಾಂಸರ ಪರಿಶೀಲನೆಗೆ ಮುಂಚಿನ ಪ್ರತಿ) ಅಂತರ್ಜಾಲಕ್ಕೆ ಹಾಕಿದರೆ ಅಥವಾ ಪಿಎಚ್‌.ಡಿ. ಮಹಾಪ್ರಬಂಧ ಶೋಧಗಂಗಾ ಎಂಬ ಮಹಾಪ್ರಬಂಧಗಳ ಮುಕ್ತ ಜಾಲತಾಣಕ್ಕೆ ಏರಿದರೆ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತೆಂದೇ ಲೆಕ್ಕ.

ಹಾಗಾಗಿ ಮೊದಲು ತಾತ್ಕಾಲಿಕ ವಿವರಣೆಯ (ಪ್ರಾವಿಷನಲ್) ಅರ್ಜಿ ಸಲ್ಲಿಸಿ ದಿನಾಂಕ ಕಾಯ್ದಿರಿಸಬೇಕು. ಶಿಕ್ಷಣ ಸಂಸ್ಥೆಗಳಿಗೆ ಆನ್‌ಲೈನ್ ಶುಲ್ಕ 1,600 ರೂ., ಒಂದು ಸೆಮಿನಾರಿನ ಊಟದ ಖರ್ಚೂ ಅಲ್ಲ. ಮರುದಿನವೇ ಪ್ರಬಂಧ ಪ್ರಕಟಿಸಬಹುದು. ಪೂರ್ಣ ವಿವರಣೆಗೆ 12 ತಿಂಗಳಿದೆ. ಹಲವರು ಎಡವುವುದು ತಾತ್ಕಾಲಿಕ ಅರ್ಜಿಯಲ್ಲೇ. ಅರ್ಜಿಯಲ್ಲಿ 'ಸಿಪ್ಪೆಯನ್ನು ಕ್ಷಾರದಲ್ಲಿ ಸಂಸ್ಕರಿಸುವ ವಿಧಾನ' ಎಂದು ಎರಡು ಸಾಲು ಗೀಚಿ, ಕ್ಷಾರದ ಪ್ರಮಾಣ, ಉಷ್ಣತೆ, ನೆನೆಸುವ ಅವಧಿಯನ್ನೆಲ್ಲ ಪ್ರಬಂಧದಲ್ಲಿ ಬಿಚ್ಚಿಡುತ್ತಾರೆ. ತಾತ್ಕಾಲಿಕ ವಿವರಣೆಯಲ್ಲಿ ಇಲ್ಲದ ಅಂಶಕ್ಕೆ ಆ ದಿನಾಂಕದ ರಕ್ಷಣೆ ಸಿಗದು; ಸ್ವಂತ ಪ್ರಬಂಧವೇ ಅಡ್ಡಗಾಲಾಗುತ್ತದೆ. ಪ್ರಯೋಗದ ಪುಸ್ತಕದಲ್ಲಿರುವ ಅಳತೆಗಳೆಲ್ಲ ಅರ್ಜಿಗೂ ಹೋಗಲಿ.

ಪೇಟೆಂಟ್ ಬಂದರೆ ಜ್ಞಾನಕ್ಕೆ ಬೀಗ ಬಿತ್ತೆಂಬ ಭಯವೂ ಬೇಡ. ಪ್ರಯೋಗ, ಸಂಶೋಧನೆ, ಪಾಠಕ್ಕೆ ಬಳಸಲು 47ನೇ ಕಲಂ ಎಲ್ಲರಿಗೂ ಬಿಟ್ಟುಕೊಟ್ಟಿದೆ. ನಾಟಿವೈದ್ಯರಿಗೆ ಮೊದಲೇ ಗೊತ್ತಿದ್ದ ಮದ್ದಿಗಂತೂ ಅದೇ ಕಾಯ್ದೆಯ 3(ಪಿ) ಕಲಂ ಪ್ರಕಾರ ಪೇಟೆಂಟೇ ಇಲ್ಲ.

– ಸಂಶೋಧನಾ ಮಾರ್ಗದರ್ಶಕರು, ಶಿವಮೊಗ್ಗ